ಏರ್ ಹೊಡೀಬೇಡ, ಬ್ರಷ್ ತಗೋ

ಈ ಸಲ ನಮ್ಮ ಪ್ಲೇಸ್‌ಮೆಂಟ್ ಗ್ರೂಪ್‌ನಲ್ಲಿ ಮೆಸೇಜ್‌ಗಳೇ ಕಮ್ಮಿ. ಬರ್ತೀವಿ ಅಂದಿದ್ದ ಕಂಪನಿಗಳು ಡೇಟ್ ಮುಂದಕ್ಕೆ ಹಾಕ್ತಿವೆ. ಕೈಲಿ ಆಫರ್ ಲೆಟರ್ ಇಟ್ಟುಕೊಂಡ ಸೀನಿಯರ್‌ಗಳು ಊರಲ್ಲಿ ಕೂತು ಜಾಯ್ನಿಂಗ್ ಡೇಟ್‌ಗೆ ಕಾಯ್ತಿದ್ದಾರೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ನಮ್ಮಪ್ಪ ಫೋನ್ ಮಾಡಿದ್ರು. ಅವರ ಲೆಕ್ಕದಲ್ಲಿ ಅದು ಹೆಚ್ಚೂಕಮ್ಮಿ ಸರ್ಕಾರಿ ನೌಕರಿ. "ಅಲ್ಲೇ ಹಿಂಗಾದ್ರೆ ಹೆಂಗಪ್ಪ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. "ನೋಡೋಣ" ಅಂದೆ.

ಇಂಥ ಹೊತ್ತು ಬಂದಿದೆ ಅನ್ನೋದು ಇನ್‌ಸ್ಟಾಗ್ರಾಮ್‌ಗೆ ಹೇಗೋ ಗೊತ್ತಾಗಿಬಿಡುತ್ತೆ. ಬೆಳಗ್ಗೆ 5 ಗಂಟೆಗೆ ಏಳು, ಹಾಸಿಗೆ ಮಡಚು, ತಣ್ಣೀರು ಸ್ನಾನ ಮಾಡು, ಡೈರಿ ಬರಿ ಅನ್ನೋ ರೀಲ್‌ಗಳು ಒಂದರ ಹಿಂದೆ ಒಂದು. ಜೀವನದ ಅರ್ಥ ಇಂಥ ಚಿಕ್ಕ ಕೆಲಸಗಳಲ್ಲೇ ಇದೆಯಂತೆ. ಸುಳ್ಳು ಹೇಳಲ್ಲ, ನಾನೂ ಆರು ದಿನ ಮಾಡಿದೆ. ಏಳನೇ ದಿನ ಮಡಚಿಟ್ಟ ಹಾಸಿಗೆ ನೋಡ್ತಾ ಇದರಿಂದ ಯಾರಿಗೇನಾಯ್ತು ಅಂತ ಯೋಚನೆ ಬಂತು. ಮತ್ತೆ ಬಿಡಿಸಿಕೊಂಡು ಮಲಗಿದೆ.

ಆದರೂ ಚಿಕ್ಕ ಕೆಲಸದ ಮಾತು ಪೂರ್ತಿ ಬೊಗಳೆ ಅಲ್ಲ ಅಂತ ನಾನು ಒಪ್ಪಿಕೊಂಡಿದ್ದು ಪೀಣ್ಯದಲ್ಲಿ.

ಕಳೆದ ರಜೆಯಲ್ಲಿ ಅಲ್ಲಿನ ಒಂದು ಮೆಷೀನ್ ಶಾಪ್‌ನಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಶೀಟ್ ಹೊದಿಸಿದ ಶೆಡ್, ನಾಲ್ಕು ಲೇತ್, ಎರಡು ಸಿಎನ್‌ಸಿ, ಹನ್ನೊಂದು ಜನ. ನಾನು ಸೇರೋ ಹೊತ್ತಿಗೆ ಆರ್ಡರ್ ಕಮ್ಮಿಯಾಗಿ ಸೆಕೆಂಡ್ ಶಿಫ್ಟ್ ನಿಂತಿತ್ತು. ಮುಂದಿನ ತಿಂಗಳು ಎಷ್ಟು ಜನ ಉಳೀತಾರೆ ಅನ್ನೋದೇ ಟೀ ಅಂಗಡಿಯಲ್ಲಿ ದಿನಾ ಮಾತು. ಅಲ್ಲಿ ಅರವತ್ತರ ಹತ್ತಿರದ ಒಬ್ಬ ಟರ್ನರ್ ಇದ್ದರು, ಎಲ್ಲರಿಗೂ ಅವರು ಅಣ್ಣ. ಸಂಜೆ ಐದೂಮುಕ್ಕಾಲಾದರೆ ಲೇತ್ ನಿಲ್ಲಿಸಿ ಕ್ಲೀನ್ ಮಾಡೋಕೆ ಶುರು ಮಾಡ್ತಿದ್ರು. ಮೊದಲನೇ ದಿನ ಬೇಗ ಮುಗೀಲಿ ಅಂತ ನಾನು ಏರ್ ಗನ್ ಎತ್ತಿಕೊಂಡೆ. ಕೈ ಹಿಡಿದುಬಿಟ್ರು.

"ಏರ್ ಹೊಡೀಬೇಡ ಮರಿ, ಬ್ರಷ್ ತಗೋ."

ಗಾಳಿ ಹೊಡೆದರೆ ಕಣ್ಣಿಗೆ ಕಾಣೋ ಚಿಪ್ಸ್ ಹೋಗುತ್ತೆ, ಕಾಣದ ಸಣ್ಣ ಚೂರುಗಳು ಸ್ಲೈಡ್ ಸಂದಿಗೆ ನುಗ್ಗಿ ಕೂರುತ್ತವೆ. ಮಾರನೇ ದಿನ ಕ್ಯಾರೇಜ್ ಓಡಿದಾಗ ಅವು ಬೆಡ್ಡನ್ನೇ ಗೀರುತ್ತವೆ. ಚಕ್‌ನ ಜಾ ಹತ್ತಿರ ಒಂದು ಚೂರು ಸಿಕ್ಕಿಕೊಂಡರೂ ಜಾಬ್ ಓರೆಯಾಗಿ ಕೂರುತ್ತೆ. ನಮ್ಮ ಡ್ರಾಯಿಂಗ್‌ನಲ್ಲಿದ್ದ ಟಾಲರೆನ್ಸ್ 20 ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಕೂದಲಿಗಿಂತ ತೆಳುವಾದ ಒಂದು ಸಿಪ್ಪೆ ಸಾಕು, ಪೀಸ್ ರಿಜೆಕ್ಟ್ ಆಗೋಕೆ. ಅದಕ್ಕೇ ಬ್ರಷ್‌ನಲ್ಲಿ ಗುಡಿಸಿ, ಕಾಟನ್ ವೇಸ್ಟ್‌ನಲ್ಲಿ ಕೂಲಂಟ್ ಒರೆಸಿ, ಬೆಡ್‌ಗೆ ತೆಳ್ಳಗೆ ಎಣ್ಣೆ ಸವರಿ, ಕ್ಯಾರೇಜನ್ನು ಟೇಲ್‌ಸ್ಟಾಕ್ ಕಡೆ ಸರಿಸಿ ನಿಲ್ಲಿಸೋದು. ಎಲ್ಲ ಸೇರಿ ಕಾಲು ಗಂಟೆ. ನಾಲ್ಕು ಸೆಮಿಸ್ಟರ್ ವರ್ಕ್‌ಶಾಪ್, ಲ್ಯಾಬ್ ಅಂತ ಓಡಾಡಿದರೂ ಇದು ನನಗೆ ಗೊತ್ತಿರಲಿಲ್ಲ. ವೈವಾದಲ್ಲಿ ಯಾರೂ ಕೇಳಲ್ಲವಲ್ಲ!

ಒಂದು ಸಂಜೆ ಕೇಳೇಬಿಟ್ಟೆ: "ನಾಳೆ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ, ಇಷ್ಟೆಲ್ಲ ಯಾಕಣ್ಣ?"

"ನಂಗೆ ಇಲ್ದೇ ಇರಬಹುದಪ್ಪ. ಮೆಷೀನ್ ಮುಂದೆ ಇನ್ಯಾರಾದ್ರೂ ನಿಲ್ತಾರಲ್ಲ," ಅಂದು ಕೈ ತೊಳೆಯೋಕೆ ಹೋದರು. ದೊಡ್ಡ ತತ್ವ ಹೇಳೋ ಧಾಟಿ ಏನೂ ಇರಲಿಲ್ಲ, ಬಸ್ಸಿಗೆ ಲೇಟಾಗ್ತಿತ್ತು ಅಷ್ಟೇ.

ಅವರಿಗೆ ಇದನ್ನ ಕಲಿಸಿದ್ದು ಎಚ್‌ಎಂಟಿಯಿಂದ ಬಂದಿದ್ದ ಒಬ್ಬ ಫೋರ್‌ಮನ್ ಅಂತೆ. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ ಮೊದಲು ಮಾಡಿದ್ದು ಲೇತ್‌ನಂಥ ಯಂತ್ರಗಳನ್ನು, ವಾಚ್ ಬಂದಿದ್ದು 1961ರಲ್ಲಿ. ನಮ್ಮ ತಾತಂದಿರ ಕೈಮೇಲಿದ್ದ ಆ ವಾಚಿನ ಕಂಪನಿಯನ್ನು ಮುಚ್ಚೋಕೆ 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಮ್ಯೂಸಿಯಂ ಇದೆ, ಒಂದ್ಸಲ ಹೋಗಿ ಬನ್ನಿ. ಇತ್ತ ಆ ಫೋರ್‌ಮನ್ ಕಲಿಸಿದ ಅಭ್ಯಾಸ ಶೆಡ್‌ನಲ್ಲಿ ದಿನಾ ಸಂಜೆ ಇನ್ನೂ ನಡೀತಿದೆ.

ಅರವತ್ತು ಅಪ್ಲಿಕೇಶನ್ ಹಾಕಿ ಒಂದಕ್ಕೂ ಉತ್ತರ ಬರದಿದ್ದಾಗ ನನ್ನನ್ನ ತಿಂದಿದ್ದು ದುಡ್ಡಿನ ಚಿಂತೆ ಅಲ್ಲ. ನನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಅನ್ನೋದು. ಹಾಸಿಗೆ ಮಡಚಿದರೆ ಅದಕ್ಕೆ ಮದ್ದು ಸಿಗಲಿಲ್ಲ, ಯಾಕಂದ್ರೆ ಅದೂ ನನ್ನ ಸುತ್ತಲೇ ತಿರುಗೋ ಕೆಲಸ. ನಾನು ಮಾಡದೇ ಇದ್ದರೆ ನಾಳೆ ಇನ್ನೊಬ್ಬನಿಗೆ ತೊಂದರೆ ಆಗುತ್ತೆ ಅನ್ನೋ ಕೆಲಸ ಬೇಕಿತ್ತು. ಅದು ಎಷ್ಟು ಚಿಕ್ಕದಾದರೂ ನಡೀತಿತ್ತು. ಜೊತೆಗೆ ಅದರ ರಿಸಲ್ಟ್‌ಗೆ ಎಚ್‌ಆರ್ ಮೇಲ್ ಕಾಯಬೇಕಾಗಿಲ್ಲ, ಬೆಳಗ್ಗೆ ಡಯಲ್ ಇಟ್ಟು ನೋಡಿದರೆ ಮುಳ್ಳೇ ಹೇಳುತ್ತೆ.

ಆದರೆ ಇದನ್ನು ಓದಿ ಯಾರಾದರೂ "ನೋಡಿ, ಕೆಲಸ ಹೋದರೂ ನೆಮ್ಮದಿಯಾಗಿರಬಹುದು" ಅಂದರೆ ನಾನು ಜಗಳಕ್ಕೆ ಬರ್ತೀನಿ. ಅಣ್ಣ ಬೆಡ್ ಒರೆಸಿದ್ದರಿಂದ ಶೆಡ್‌ಗೆ ಒಂದು ಆರ್ಡರೂ ಜಾಸ್ತಿ ಬರಲಿಲ್ಲ. ಜನರನ್ನ ತೆಗೆಯೋ ಕಂಪನಿಗಳನ್ನ ಪ್ರಶ್ನೆ ಮಾಡಲೇಬೇಕು. ಐಟಿ ನೌಕರರ ಸಂಘ ಕಿಟು ಆ ಕೆಲಸ ಮಾಡ್ತಿದೆ, ಎಲೆಕ್ಟ್ರಾನಿಕ್ ಸಿಟಿಗೋ ವೈಟ್‌ಫೀಲ್ಡ್‌ಗೋ ಕೆಲಸಕ್ಕೆ ಹೋಗೋರು ಅದರ ಹೆಸರಾದರೂ ತಿಳಿದಿರಬೇಕು. ಬ್ರಷ್ ಹಿಡಿಯೋದು ಆ ಪ್ರಶ್ನೆಗೆ ಬದಲಿ ಅಲ್ಲ. ಪ್ರಶ್ನೆ ಕೇಳೋವಷ್ಟು ದಿನ ತಲೆ ನೆಟ್ಟಗಿರಬೇಕಲ್ಲ, ಅದಕ್ಕೆ.

ಈಗ ನಾವು ಮೂರು ಜನ ಪ್ರತಿ ಮಂಗಳವಾರ ಲ್ಯಾಬ್ ಮುಗಿದ ಮೇಲೆ ಕಾಲು ಗಂಟೆ ಉಳಿದು ಲೇತ್‌ಗಳನ್ನ ಕ್ಲೀನ್ ಮಾಡಿ ಹೋಗ್ತೀವಿ, ಬುಧವಾರ ಸೆಕೆಂಡ್ ಇಯರ್ ಬ್ಯಾಚ್ ಇರುತ್ತೆ ಅಂತ. ಇನ್‌ಸ್ಟ್ರಕ್ಟರ್ ಮೊದಲ ವಾರ ಅನುಮಾನದಿಂದ ನೋಡಿದರು, ಎರಡನೇ ವಾರ ಎಣ್ಣೆ ಕ್ಯಾನ್ ತಂದುಕೊಟ್ಟರು. ಆರು ಲೇತ್, ಮೂರು ಜನ. ಬರೋರು ಬನ್ನಿ, ಸಂಜೆ ನಾಲ್ಕಕ್ಕೆ. ಸ್ಟೋರ್‌ನಲ್ಲಿ ಕಾಟನ್ ವೇಸ್ಟ್ ಖಾಲಿಯಾಗಿದೆ, ಹಳೇ ಬನಿಯನ್ ಇದ್ದರೆ ತನ್ನಿ.