ಮನೆಯೊಳಗೆ ಬಂದ ಕಚೇರಿ ಮತ್ತು ಸೊನ್ನೆ ಬಿಲ್ಲು

2020ರ ಮಾರ್ಚ್ ತಿಂಗಳಲ್ಲಿ ಕಚೇರಿಗಳ ಬಾಗಿಲು ಮುಚ್ಚಿದಾಗ ಕೆಲಸವು ನಮ್ಮ ಮನೆಗಳೊಳಗೆ ಬಂದು ಕುಳಿತಿತು. ಕೊರೋನಾ ಹೋಯಿತು, ಆದರೆ ಆ ಅತಿಥಿ ಪೂರ್ತಿಯಾಗಿ ಹೊರಟುಹೋಗಲಿಲ್ಲ. ಬೆಂಗಳೂರಿನ ಕಂಪೆನಿಗಳಲ್ಲಿ ದುಡಿಯುವ ನಮ್ಮ ಯುವಕ ಯುವತಿಯರಲ್ಲಿ ಅನೇಕರು ಇಂದಿಗೂ ವಾರಕ್ಕೆರಡು ದಿನ, ಕೆಲವರು ತಿಂಗಳುಗಟ್ಟಲೆ, ಮಂಗಳೂರು, ಭಟ್ಕಳ, ಹಾಸನ, ದಾವಣಗೆರೆಗಳ ತಮ್ಮ ಮನೆಗಳಿಂದಲೇ ಕೆಲಸ ಮಾಡುತ್ತಾರೆ. ಹೆತ್ತವರ ಜೊತೆಗಿದ್ದುಕೊಂಡು ದುಡಿಯುವ ಅವಕಾಶವು ದೊಡ್ಡ ಅನುಗ್ರಹವೇ ಸರಿ. ಆದರೆ ಮನೆಗೆ ಬಂದ ಕಚೇರಿಯು ತನ್ನ ವಿದ್ಯುತ್ ಖರ್ಚನ್ನೂ ಜೊತೆಗೆ ತಂದಿತು. ಆ ಖರ್ಚನ್ನು ಈಗ ಯಾರು ಹೊರುತ್ತಿದ್ದಾರೆ ಎಂದು ನಾವು ಕೇಳಿಕೊಂಡದ್ದು ಕಡಿಮೆ.

ಒಂದು ರಾತ್ರಿ ನಮ್ಮ ಮನೆಯ ಮೀಟರಿನ ಮುಂದೆ ನಾವು ಸ್ವಲ್ಪ ಹೊತ್ತು ನಿಂತಿದ್ದೆವು. ಈಗಿನ ಮೀಟರುಗಳಲ್ಲಿ ಒಂದು ಸಣ್ಣ ಕೆಂಪು ದೀಪವಿರುತ್ತದೆ. ನಮ್ಮ ಮೀಟರಿನಲ್ಲಿ ಅದು 3200 ಬಾರಿ ಮಿನುಗಿದರೆ ಒಂದು ಯೂನಿಟ್ ಎಂದು ಲೆಕ್ಕ. ಎಲ್ಲ ದೀಪ, ಫ್ಯಾನುಗಳನ್ನು ಆರಿಸಿ, ಫ್ರಿಜ್ಜನ್ನೂ ಕೆಲವು ನಿಮಿಷ ನಿಲ್ಲಿಸಿ ನೋಡಿದರೂ ದೀಪವು ಅರ್ಧ ನಿಮಿಷಕ್ಕೊಮ್ಮೆ ಮಿನುಗುತ್ತಲೇ ಇತ್ತು. ಅಂದರೆ ಸುಮಾರು 37 ವ್ಯಾಟ್. ರೌಟರ್, ಸೆಟ್ ಟಾಪ್ ಬಾಕ್ಸ್, ಇನ್ವರ್ಟರ್, ಮಲಗಿದಂತೆ ಕಾಣುವ ಲ್ಯಾಪ್‌ಟಾಪ್, ಎಲ್ಲವೂ ಸದ್ದಿಲ್ಲದೆ ಉಣ್ಣುತ್ತಿದ್ದವು. ಯಾರಿಗೂ ಉಪಯೋಗವಿಲ್ಲದೆ ಹೀಗೆ ಹರಿದುಹೋಗುವುದು ತಿಂಗಳಿಗೆ ಸುಮಾರು 27 ಯೂನಿಟ್! ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಬೇಕೆಂದು ಹಿರಿಯರು ಹೇಳುತ್ತಿದ್ದ ಮಾತನ್ನು ರಿಮೋಟು ಬಂದ ಮೇಲೆ ನಾವು ಮರೆತೇಬಿಟ್ಟಿದ್ದೇವೆ.

ಆದರೆ ಅಂದು ನಮ್ಮ ಗಮನ ಸೆಳೆದದ್ದು ಬೇರೊಂದು ಸಂಗತಿ. ನಮ್ಮ ಮನೆಯಲ್ಲಿ ವಿದ್ಯುತ್ ಉಳಿಸುವವರು ಯಾರು? ಮಗನ ಉಮ್ಮ. ಕೋಣೆಯಿಂದ ಕೋಣೆಗೆ ಹೋಗುತ್ತಾ ದೀಪ ಆರಿಸುವವರು ಅವರು. ಮಧ್ಯಾಹ್ನದ ಬೆಳಕು ಸಾಕೆಂದು ಕಿಟಕಿಯ ಬಳಿ ಕುಳಿತು ತರಕಾರಿ ಹೆಚ್ಚುವವರು ಅವರು. ಒಲೆಯ ಬಿಸಿಯ ಮುಂದೆ ಫ್ಯಾನಿಲ್ಲದೆ ನಿಲ್ಲುವವರೂ ಅವರೇ. ಅದೇ ಹೊತ್ತಿಗೆ ಮುಚ್ಚಿದ ಬಾಗಿಲಿನಾಚೆ ಮಗನ ಮೀಟಿಂಗ್ ನಡೆಯುತ್ತಿರುತ್ತದೆ. ಎಸಿ 18 ಡಿಗ್ರಿಯಲ್ಲಿ, ಮೈಮೇಲೆ ಶಾಲು.

ಇದರ ಲೆಕ್ಕ ನೋಡಿದರೆ ನಾಚಿಕೆಯಾಗುತ್ತದೆ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ಟಿನಲ್ಲಿ ನೂರು ಗಂಟೆಗೂ ಮೀರಿ ಉರಿಯುತ್ತದೆ. ಒಂದೂವರೆ ಟನ್ನಿನ ಎಸಿ ಬಿರುಬೇಸಿಗೆಯಲ್ಲಿ ಒಂದೇ ಗಂಟೆಯಲ್ಲಿ ಸುಮಾರು ಅಷ್ಟನ್ನೇ ಮುಗಿಸುತ್ತದೆ. ತಾಯಿ ತಿಂಗಳಿಡೀ ದೀಪ ಆರಿಸುತ್ತಾ ಉಳಿಸಿದ್ದನ್ನು ಮಗನ ಒಂದು ಮಧ್ಯಾಹ್ನ ನುಂಗಿಹಾಕುತ್ತದೆ. ಲ್ಯಾಪ್‌ಟಾಪಿನದ್ದು ದೊಡ್ಡ ಅಪರಾಧವೇನಲ್ಲ. ದಿನಕ್ಕೆ ಒಂಬತ್ತು ಗಂಟೆಯಂತೆ 24 ದಿನ ದುಡಿದರೂ ಹತ್ತು ಹನ್ನೊಂದು ಯೂನಿಟ್. ಹಳೆಯ ಫ್ಯಾನು 75 ವ್ಯಾಟ್ ಉಣ್ಣುವಲ್ಲಿ ಹೊಸ ಬಿಎಲ್‌ಡಿಸಿ ಫ್ಯಾನು 35 ವ್ಯಾಟಿನೊಳಗೆ ಮುಗಿಸುತ್ತದೆ. ಆದರೆ ದಿನಕ್ಕೆ ಆರು ಗಂಟೆ ಎಸಿ ನಡೆದರೆ ತಿಂಗಳ ಕೆಲಸದ ದಿನಗಳಲ್ಲೇ 140 ಯೂನಿಟ್ ದಾಟುತ್ತದೆ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳು ಚಾಲೂ ಆಗುವಾಗ 24 ಡಿಗ್ರಿಯಲ್ಲೇ ಇರಬೇಕೆಂಬ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಹದಿನೆಂಟರಿಂದ ಇಪ್ಪತ್ತನಾಲ್ಕಕ್ಕೆ ಬಂದರೆ ಮೂರನೇ ಒಂದು ಪಾಲು. ಶಾಲು ಹೊದೆಯುವ ತಾಪತ್ರಯವೂ ಇಲ್ಲ.

ಈ ಲೆಕ್ಕವನ್ನು ಮಗನ ಮುಂದಿಟ್ಟಾಗ ಆತ ಮೊಬೈಲಿನಲ್ಲಿ ಬಿಲ್ಲು ತೋರಿಸಿದ. “ನೋಡಿ, ಬೇಸಿಗೆ ಬಿಟ್ಟರೆ ಬೇರೆ ತಿಂಗಳಲ್ಲೆಲ್ಲ ಸೊನ್ನೆ. ಉಳಿಸಿ ಯಾರಿಗೆ ಕೊಡೋದು?”

ಈ ಪ್ರಶ್ನೆ ನಮ್ಮ ಮಗನದ್ದು ಮಾತ್ರವಲ್ಲ, ಇಂದು ರಾಜ್ಯದ ಮನೆಮನೆಯಲ್ಲಿ ಅವ್ಯಕ್ತವಾಗಿ ಇದೆ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆಗೊಂಡ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗಿನ ಮನೆಗಳಿಗೆ ಉಚಿತ ವಿದ್ಯುತ್ ನೀಡುತ್ತದೆ. ಆರಂಭದಲ್ಲಿ ಗೊತ್ತುಮಾಡಿದಂತೆ, 2022-23ರ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿದರೆ ಆ ಮನೆಯ ಉಚಿತ ಪಾಲು ಸಿಗುತ್ತದೆ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಬಡ ಕುಟುಂಬಗಳಿಗೆ, ಬೀಡಿ ಕಟ್ಟುವ, ಹೊಲಿಗೆ ಮಾಡುವ ಹೆಣ್ಣುಮಕ್ಕಳಿಗೆ ಇದು ನಿಜವಾದ ನೆಮ್ಮದಿ. ಯೋಜನೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅದರ ಲೆಕ್ಕದಲ್ಲೊಂದು ವಿಚಿತ್ರವಿದೆ. 2022-23ರಲ್ಲಿ ಮನೆಯಿಂದ ಕೆಲಸ ಜೋರಾಗಿಯೇ ನಡೆಯುತ್ತಿತ್ತು. ಆ ವರ್ಷ ನಮ್ಮ ಮನೆಯ ಸರಾಸರಿ 160 ಯೂನಿಟ್ ಇದ್ದುದರಿಂದ ಉಚಿತ ಪಾಲು 176ಕ್ಕೆ ಏರಿತು. ಪಕ್ಕದ ಮನೆಯ ವಿಧವೆ ಅದೇ ವರ್ಷ 60 ಯೂನಿಟ್ಟಿನಲ್ಲಿ ಸಂಸಾರ ತೂಗಿಸಿದ್ದರಿಂದ ಅವರ ಪಾಲು 66. ಹೆಚ್ಚು ಉರಿಸಿದವರಿಗೆ ಹೆಚ್ಚು ದೊರೆಯಿತು!

ಇನ್ನೂ ಒಂದು ಮಾತಿದೆ. ಕಚೇರಿಗಳು ಕಟ್ಟುವುದು ವಾಣಿಜ್ಯ ದರ; ಅದು ಮನೆಯ ದರಕ್ಕಿಂತ ಹೆಚ್ಚು. ಅದೇ ಕೆಲಸ ಮನೆಗೆ ಬಂದಾಗ ಕಂಪೆನಿಯ ಎಸಿ, ಲಿಫ್ಟು, ದೀಪಗಳ ಖರ್ಚು ಇಳಿಯುತ್ತದೆ. ಅದರ ಬದಲಿಗೆ ನಮ್ಮ ಮಕ್ಕಳ ಕೋಣೆಯಲ್ಲಿ ಉರಿಯುವ ವಿದ್ಯುತ್ತಿನ ಹಣವನ್ನು ಸರಕಾರದ ಬೊಕ್ಕಸ ತೆರುತ್ತದೆ. ಬಡವನ ಮನೆಯ ದೀಪಕ್ಕೆಂದು ಇಟ್ಟ ಹಣದಲ್ಲಿ ಒಂದು ಪಾಲು ಹೀಗೆ, ಯಾರೂ ಕದಿಯದೆ, ಸಂಪೂರ್ಣ ಕಾನೂನುಬದ್ಧವಾಗಿ, ಲಾಭದಲ್ಲಿರುವ ಕಂಪೆನಿಗಳ ಉಳಿತಾಯವಾಗಿ ಬದಲಾಗುತ್ತದೆ. ಮನೆಯಿಂದ ದುಡಿಯುವವರಿಗೆ ವಿದ್ಯುತ್ ಭತ್ಯೆ ಕೊಡಿ ಎಂದು ಕೇಳಲು ನಮ್ಮ ವಿದ್ಯಾವಂತ ಯುವಕರು ಯಾಕೆ ಹಿಂಜರಿಯುತ್ತಾರೋ ತಿಳಿಯದು.

“ಉಳಿಸಿ ಯಾರಿಗೆ ಕೊಡೋದು” ಎಂಬುದಕ್ಕೆ ಉತ್ತರ ಹುಡುಕಲು ನಾವು ಬಹಳ ಹಿಂದೆ ಹೋಗಬೇಕಿಲ್ಲ. ಯೋಜನೆ ಆರಂಭವಾದ ಅದೇ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಕ್ಟೋಬರ್ ಹೊತ್ತಿಗೆ ವಿದ್ಯುತ್ತಿನ ಕೊರತೆ ಎಷ್ಟು ತೀವ್ರವಾಯಿತೆಂದರೆ ರೈತರ ಪಂಪ್‌ಸೆಟ್ಟುಗಳಿಗೆ ಏಳು ಗಂಟೆ ಕೊಡಬೇಕಿದ್ದ ತ್ರೀಫೇಸ್ ವಿದ್ಯುತ್ತನ್ನು ಐದು ಗಂಟೆಗೆ ಇಳಿಸಲಾಯಿತು. ಕೊಳವೆಬಾವಿಯಲ್ಲಿ ಇದ್ದಷ್ಟು ನೀರನ್ನೂ ಎತ್ತಲಾಗದೆ ರೈತರು ಬೀದಿಗಿಳಿದರು. ನಗರದ ಕೋಣೆಯೊಂದರಲ್ಲಿ ಶಾಲು ಹೊದ್ದು ಕುಳಿತವನಿಗೂ, ಬಾಡುತ್ತಿರುವ ಪೈರಿನ ಮುಂದೆ ಕರೆಂಟಿಗಾಗಿ ರಾತ್ರಿಯಿಡೀ ಕಾದವನಿಗೂ ವಿದ್ಯುತ್ ಬರುವುದು ಒಂದೇ ಜಾಲದಿಂದ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನ ನೀರನ್ನು ಮಿತವಾಗಿ ಬಳಸಬೇಕೆಂದು ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ. ನದಿಯ ನೀರಿಗೆ ಬಿಲ್ಲು ಎಂದೂ ಇರಲಿಲ್ಲ ಎಂಬುದನ್ನು ಮಾತ್ರ ನಾವು ಗಮನಿಸಿದಂತಿಲ್ಲ.

ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ದುಡಿಯುವವರದ್ದು ಇನ್ನೊಂದು ಬಗೆಯ ಕಷ್ಟ. ಪಾವಗಡದ 2050 ಮೆಗಾವ್ಯಾಟಿನ ಸೌರ ಪಾರ್ಕು ಸಂಜೆಗೆ ಮಲಗುತ್ತದೆ. ಆಮೇಲೆ ಹೊರೆ ಬೀಳುವುದು ಜಲಾಶಯಗಳ ಮೇಲೆ, ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲ ಸ್ಥಾವರಗಳ ಮೇಲೆ. ಪಾಳಿಯನ್ನು ಬದಲಿಸುವುದು ಆ ಹುಡುಗರ ಕೈಯಲ್ಲಿಲ್ಲ, ಅದಕ್ಕಾಗಿ ಅವರನ್ನು ದೂರಲೂ ಬಾರದು. ಹಗಲು ಕೆಲಸವಿರುವವರಾದರೂ ಮೇಜನ್ನು ಕಿಟಕಿಗೆ ಅಡ್ಡವಾಗಿ ಇಟ್ಟುಕೊಂಡರೆ ಹಗಲಲ್ಲೂ ದೀಪ ಉರಿಸುವುದು ತಪ್ಪುತ್ತದೆ.

ಸೆಕೆಯಲ್ಲಿ ಬೆಂದು ಕೆಲಸ ಮಾಡಬೇಕೆಂದು ನಾವು ಯಾರಿಗೂ ಹೇಳುತ್ತಿಲ್ಲ. ಕರಾವಳಿಯ ಮೇ ತಿಂಗಳನ್ನು ಬಲ್ಲವರು ಹಾಗೆ ಹೇಳಲಾರರು. ನಮ್ಮ ಮನೆಯಲ್ಲಿ ಈಗ ಎಸಿ 26ರಲ್ಲಿದೆ, ಜೊತೆಗೆ ಫ್ಯಾನು ಮೆಲ್ಲನೆ ತಿರುಗುತ್ತದೆ. ಎಸಿ ಇರುವ ಕೋಣೆಯಲ್ಲಿ ಮಧ್ಯಾಹ್ನದ ಮೀಟಿಂಗ್ ಮುಗಿದರೆ ಮಿಕ್ಕವರೂ ಅಲ್ಲೇ ಹೋಗಿ ಒರಗುತ್ತಾರೆ. ರೌಟರಿನ ಹೊರತಾಗಿ ಉಳಿದುದಕ್ಕೆಲ್ಲ ಒಂದೇ ಬೋರ್ಡು ಹಾಕಿಸಿದ್ದೇವೆ, ಮಲಗುವ ಮುನ್ನ ಮಗನೇ ಅದನ್ನು ಆರಿಸಬೇಕು. ಅಡುಗೆಮನೆಗೆ ಒಂದು 35 ವ್ಯಾಟಿನ ಫ್ಯಾನು ಬಂದಿದೆ. ದಿನಕ್ಕೆ ನಾಲ್ಕು ಗಂಟೆ ತಿರುಗಿದರೂ ತಿಂಗಳಿಗೆ ನಾಲ್ಕು ಯೂನಿಟ್ಟಿನ ಆಸುಪಾಸು. ನಾವು ನೋಡದಿದ್ದಾಗ ಮಗನ ಉಮ್ಮ ಅದನ್ನೂ ಆರಿಸಿಬಿಡುತ್ತಾರೆ. ಆಗ ಎದ್ದು ಹೋಗಿ ಮತ್ತೆ ಹಾಕಿಬರುವ ಹೊಣೆಯನ್ನು ಮಗನಿಗೇ ವಹಿಸಿದ್ದೇವೆ, ಮೀಟಿಂಗಿನ ಮಧ್ಯದಲ್ಲಾದರೂ ಸರಿ.