ಗಣಿ ಬರುವ ಮೊದಲೇ ನದಿ ಕೆಂಪಾಗಿದೆ, ಇನ್ನು ಗಣಿಯೂ ಬೇಕೇ?

ಉತ್ತರ ಅಲಾಸ್ಕಾದ ಬ್ರೂಕ್ಸ್ ಪರ್ವತಸಾಲಿನಲ್ಲಿ ಹುಟ್ಟಿ ಕೊಬುಕ್ ನದಿಯನ್ನು ಸೇರುವ ಹೊಳೆಯೊಂದರ ಹೆಸರು ಸಾಲ್ಮನ್. 1980ರಲ್ಲಿ ಅಮೆರಿಕದ ಸಂಸತ್ತು ಅದನ್ನು ಸಂರಕ್ಷಿತ ನದಿಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಅಣೆಕಟ್ಟಿಲ್ಲ, ದಡದಲ್ಲಿ ಕಾರ್ಖಾನೆಯಿಲ್ಲ, ರಸ್ತೆಯಿಲ್ಲ, ಗಣಿಯಿಲ್ಲ. ತಳದ ಕಲ್ಲು ಕಾಣುವಷ್ಟು ತಿಳಿಯಾಗಿದ್ದ ಆ ನೀರು 2019ರ ಬೇಸಿಗೆಯಲ್ಲಿ ರಾಡಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಇದೊಂದೇ ಅಲ್ಲ. ಈ ಪರ್ವತಸಾಲಿನಲ್ಲಿ ಹೀಗೆ ಬಣ್ಣಗೆಟ್ಟ 75 ಹೊಳೆಗಳನ್ನು ವಿಜ್ಞಾನಿಗಳು 2024ರಲ್ಲಿ ಪಟ್ಟಿ ಮಾಡಿದರು.

ಕಾರಣ ಸರಳ. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ನೆಲ ಕರಗುತ್ತಿದೆ. ಒಳಗಿದ್ದ ಗಂಧಕ ಮತ್ತು ಕಬ್ಬಿಣದ ಕಲ್ಲಿಗೆ ನೀರು, ಗಾಳಿ ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಬಂಡೆಯಿಂದ ಸತು, ಅಲ್ಯುಮಿನಿಯಂ, ಕ್ಯಾಡ್ಮಿಯಂ ಎಲ್ಲವನ್ನೂ ಬಿಡಿಸಿ ಹೊಳೆಗೆ ಸುರಿಯುತ್ತದೆ. ಸಾಲ್ಮನ್ ನದಿಯ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 10 ದೊಡ್ಡ ಉಪಹೊಳೆಗಳ ಪೈಕಿ 9ರಲ್ಲಿ ಲೋಹದ ಪ್ರಮಾಣ ಜಲಚರಗಳು ತಾಳುವ ಮಿತಿಯನ್ನು ದಾಟಿತ್ತು. ಮೀನಿನ ಮಾಂಸ ಸದ್ಯಕ್ಕೆ ತಿನ್ನಲು ಅಪಾಯವಿಲ್ಲ ಎಂದೂ ಆ ವರದಿಯೇ ಹೇಳಿದೆ. ಆದರೆ ಮೊಟ್ಟೆಯಿಡುವ ಜಲ್ಲಿಯ ಮೇಲೆ ಕಬ್ಬಿಣದ ಕೆಸರು ಕೂತರೆ ನಾಳೆಯ ಮೀನು ಎಲ್ಲಿಂದ ಬರಬೇಕು?

'ಇದು ಪ್ರಕೃತಿಯ ಆಟ, ಯಾರೇನು ಮಾಡಲಾದೀತು' ಎನ್ನುವವರಿದ್ದಾರೆ. ಭೂಮಿಯ ತಾಪ ತಾನಾಗಿ ಏರಿತೇ? ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯ ಬಿಲ್ಲು ಅದನ್ನು ಸುಡದವರ ಬಾಗಿಲಿಗೆ ಬಂದಿದೆ, ಅಷ್ಟೇ. ಕೊಬುಕ್ ದಂಡೆಯ ಇನುಪಿಯಾಟ್ ಹಳ್ಳಿಗಳಲ್ಲಿ ಮೀನೆಂದರೆ ಚಳಿಗಾಲದ ಊಟ. ಇನ್ನೊಂದು ಊಟ ಕ್ಯಾರಿಬೂ ಜಿಂಕೆ. ಆ ಹಿಂಡು 2003ರಲ್ಲಿ 4.9 ಲಕ್ಷವಿತ್ತು, 2023ರಲ್ಲಿ 1.52 ಲಕ್ಷಕ್ಕೆ ಇಳಿದಿದೆ.

ಇಂಥ ಹೊತ್ತಲ್ಲಿ ಅಲ್ಲಿಗೆ ಬರುತ್ತಿರುವುದೇನು? 340 ಕಿಲೋಮೀಟರಿನ ಆಂಬ್ಲರ್ ರಸ್ತೆ. ತಾಮ್ರ, ಸತು, ಕೋಬಾಲ್ಟ್ ಗಣಿಗಳಿಗೆ ಲಾರಿ ಓಡಿಸುವುದಕ್ಕೆಂದೇ ಹಾಕಿದ ಯೋಜನೆ. 2024ರಲ್ಲಿ ಬೈಡನ್ ಸರ್ಕಾರ ಬೇಡವೆಂದಿತು, 2025ರ ಅಕ್ಟೋಬರಿನಲ್ಲಿ ಟ್ರಂಪ್ ಸರ್ಕಾರ ಹಸಿರು ನಿಶಾನೆ ತೋರಿತು. ಗಣಿ ಕಂಪನಿಯಲ್ಲಿ ಶೇ 10ರಷ್ಟು ಪಾಲನ್ನೂ ತೆಗೆದುಕೊಳ್ಳುವುದಾಗಿ ಘೋಷಿಸಿತು. ಕಾವಲುಗಾರನೇ ಪಾಲುದಾರನಾದರೆ ದೂರು ಕೊಡುವುದು ಯಾರಿಗೆ? ಇನ್ನೂ ತಮಾಷೆಯೆಂದರೆ, ಸಾಲ್ಮನ್ ನದಿಯನ್ನು ಕಾಪಾಡಿದ 1980ರ ಕಾಯ್ದೆಯೇ ಪಕ್ಕದ ಸಂರಕ್ಷಿತ ಪ್ರದೇಶದೊಳಗೆ ಈ ರಸ್ತೆಗೂ ದಾರಿ ಬಿಟ್ಟಿದೆ.

ಬ್ಯಾಟರಿಗೆ ಕೋಬಾಲ್ಟ್ ಬೇಕು, ಹಳ್ಳಿಗಳಿಗೆ ಕೆಲಸ ಬೇಕು ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಕರಗುವ ನೆಲ ಬಂಡೆಗೆ ಏನು ಮಾಡುತ್ತಿದೆಯೋ ಗಂಧಕದ ಅದಿರು ಅಗೆಯುವ ಗಣಿಯೂ ಅದನ್ನೇ ಮಾಡುತ್ತದೆ. ವಿಷ ಒಂದೇ, ದಾರಿ ಎರಡು. ನಾಳೆ ಗಣಿಯ ಕೆಳಗಿನ ಹೊಳೆ ಕೆಂಪಾದರೆ 'ಅದು ಮೊದಲೇ ಹಾಗಿತ್ತು' ಎಂದು ಕೈತೊಳೆದುಕೊಳ್ಳುವುದು ಕಂಪನಿಗೆ ಎಷ್ಟು ಸಲೀಸು, ಯೋಚಿಸಿ.

ಆ ಮಾತಿಗೆ ಉತ್ತರ ಇರುವುದು ಒಂದೇ ಕಡೆ, ಇಂದಿನ ಲೆಕ್ಕದಲ್ಲಿ. ಯಾವ ಹೊಳೆಯಲ್ಲಿ ಯಾವ ಲೋಹ ಎಷ್ಟಿದೆ, ಮೀನುಮರಿ ಎಷ್ಟಿವೆ ಎಂದು ಸಣ್ಣ ವಿಮಾನದಲ್ಲಿಳಿದು, ದೋಣಿಯಲ್ಲಿ ತೇಲಿ, ಬಾಟಲಿಗೆ ನೀರು ತುಂಬಿಕೊಂಡು ಬರೆದಿಡುವವರ ಲೆಕ್ಕದಲ್ಲಿ. ಆ ಕೆಲಸಕ್ಕೆ ವರ್ಷವರ್ಷವೂ ಹಣ ಸಿಗಬೇಕು. ಲೆಕ್ಕದ ಪ್ರತಿ ಹಳ್ಳಿಯವರ ಕೈಯಲ್ಲೂ ಇರಬೇಕು. ರಸ್ತೆಯ ದಾರಿಯಲ್ಲಿ ಸಿಗುವ ಒಂದೊಂದು ಹೊಳೆಯ ಲೆಕ್ಕವೂ ಮುಗಿಯುವವರೆಗೆ ಒಂದು ಗುದ್ದಲಿಯೂ ಆ ನೆಲಕ್ಕೆ ಬೀಳಕೂಡದು.