ರೊಕ್ಕ ಯಾವಾಗ ಹಾಕಿದ್ರಿ?

ಮೊನ್ನೆ ನಮ್ಮ ವೈನಿ ಮಾರಿ ಸಣ್ಣದ ಮಾಡ್ಕೊಂಡು ಬಂದ್ರು. ತಿಂಗಳಾ 1,000 ರೂಪಾಯಿಯಂಗ ಒಂದ ವರ್ಷ ಆರ್.ಡಿ. ಕಟ್ಟಿದ್ರು, ಕೈಗೆ 12,462 ಬಂತು. "7 ಪರ್ಸೆಂಟ್ ಅಂದಿದ್ರು, ನಾಕೂ ಬೀಳಲಿಲ್ಲ ನೋಡು. ನಿಮ್ಮಣ್ಣ ನಗಲಿಕ್ಕೆ ಹತ್ಯಾರ. ಇನ್ನ ಮ್ಯಾಲೆ ಆ ರೊಕ್ಕ ನನ್ನ ಕೈಯಾಗ ಕೊಡು, ಫಂಡಿನಾಗ ಹಾಕ್ತೀನಿ ಅಂತಾರ" ಅಂದ್ರು.

ವೈನಿಗೆ ಮೋಸ ಆಗಿಲ್ರಿ, ಲೆಕ್ಕ ಹಾಕೋ ರೀತಿ ತಪ್ಪೇದ. ಮೊದಲನೇ ಸಾವಿರ 12 ತಿಂಗಳು ದುಡೀತು ಖರೆ, ಆದ್ರ ಕಡೀ ಸಾವಿರ ದುಡದದ್ದು ಒಂದ ತಿಂಗಳು. ಸರಾಸರಿ ತಗದ್ರ ಒಂದೊಂದು ಸಾವಿರ ಬ್ಯಾಂಕಿನಾಗ ಇದ್ದದ್ದು ಆರೂವರಿ ತಿಂಗಳು. ಆರೂವರಿ ತಿಂಗಳಿಗೆ 3.85 ಅಂದ್ರ ವರ್ಷಕ್ಕ 7ರ ಮ್ಯಾಲೇನ ಆತು. ಮಧ್ಯಾಹ್ನದಿಂದ ಬಂದ ಕೆಲಸದಾಕೀಗೆ ಅರ್ಧಾ ದಿನದ ಪಗಾರ ಕೊಟ್ರ, ಕಡಿಮಿ ಕೊಟ್ರು ಅನ್ನಲಿಕ್ಕೆ ಬರ್ತದೇನು?

ಇನ್ನ ಅಣ್ಣನ ಫಂಡು. ಅದರ ಹಾಳಿ ಮ್ಯಾಲೆ ಎರಡು ವರ್ಷದ ಗಳಿಕಿ ವರ್ಷಕ್ಕ 9.5 ಪರ್ಸೆಂಟ್ ಅಂತ ಬರದಾರ, ಅದೂ ಸುಳ್ಳಲ್ಲ. ಮೊದಲನೇ ವರ್ಷ 50 ಪರ್ಸೆಂಟ್ ಏರಿ, ಎರಡನೇ ವರ್ಷ 20 ಇಳೀತು. 100 ಇದ್ದದ್ದು 150 ಆಗಿ, 120ಕ್ಕ ಬಂತು. ಆದ್ರ ಅಣ್ಣ ಮೊದಲ ಹಾಕಿದ್ದು ಬರೇ 10,000. ಏರಿದ್ದು ನೋಡಿ ಆಶಾಕ್ಕ ಬಿದ್ದು ಎರಡನೇ ವರ್ಷದ ಸುರೂಕ್ಕ 1,00,000 ಹಾಕಿದ. ಇಳಿಯೋದು ಆ ದೊಡ್ಡ ಗಂಟಿಗೇ ಬಡೀತು. 1,10,000 ಹಾಕಿದಾಂವನ ಕೈಯಾಗ ಇವತ್ತ 92,000. ಅವನ ರೊಕ್ಕದ ಲೆಕ್ಕದಾಗ ವರ್ಷಕ್ಕ 15 ಪರ್ಸೆಂಟ್ ಲುಕ್ಸಾನ!

ಫಂಡ್ ನಡಸಾಂವಂದು ಇದರಾಗ ತಪ್ಪಿಲ್ಲ. ರೊಕ್ಕ ಎಂದು ಹಾಕಬೇಕು ಅಂತ ಅಂವಾ ಹೇಳಿರಲಿಲ್ಲ. ಅವನ ಕೆಲಸ ಅಳೀಲಿಕ್ಕೆ ಫಂಡಿನ ಲೆಕ್ಕ ಸಾಕು. ಆದ್ರ ನಮ್ಮ ಮನಿಗೆ ಏನು ಉಳೀತು ಅಂತ ತಿಳೀಬೇಕಾದ್ರ, ನಮ್ಮ ರೊಕ್ಕ ಎಷ್ಟು ಹೋತು, ಎಂದು ಹೋತು ಅನ್ನೋದನ್ನ ಹಿಡೀಬೇಕು. ಈ ಲೆಕ್ಕಕ್ಕ ಎಕ್ಸ್.ಐ.ಆರ್.ಆರ್. ಅಂತಾರ. ಎಕ್ಸೆಲ್‌ನಾಗ ಒಂದು ಕಡೆ ತಾರೀಖು, ಇನ್ನೊಂದು ಕಡೆ ರೊಕ್ಕ ಬರೀರಿ. ಹಾಕಿದ್ದಕ್ಕ ಮೈನಸ್, ತಗದದ್ದಕ್ಕ ಪ್ಲಸ್. ಕಡೀಕೆ ಇವತ್ತಿನ ತಾರೀಖಿಗೆ ಇವತ್ತಿನ ಬೆಲೆ. ಉತ್ತರ ತಾನ ಬರ್ತದ. ಒಂದ ಮಾತು, ವರ್ಷ ತುಂಬೋಕಿಂತ ಮೊದಲ ಅದನ್ನ ನಂಬಬ್ಯಾಡ್ರಿ. ಒಂದು ತಿಂಗಳ ಏರಿಳಿತಾನ ವರ್ಷದ್ದು ಅಂತ ಹಿಗ್ಗಿಸಿ ತೋರಸ್ತದ.

ಆರ್.ಡಿ.ನ ಛಲೋ, ಫಂಡ್ ಕೆಟ್ಟದು ಅಂತ ನಾ ಹೇಳಲಿಕ್ಕೆ ಹತ್ತಿಲ್ಲ. ಆದ್ರ ಹೆಣಮಕ್ಕಳ ಉಳಿತಾಯ ನೋಡಿ ನಕ್ಕು, ಅದನ್ನ ಕಸ್ಕೊಳ್ಳೋಕಿಂತ ಮೊದಲ ಇಬ್ಬರದೂ ಒಂದ ಮಾಪಿಲೇ ಅಳೀಬೇಕು. ವೈನಿ ಮುಂದಿನ ಆರ್.ಡಿ.ನೂ ತಮ್ಮ ಹೆಸರಿಲೇ ಸುರು ಮಾಡ್ಯಾರ. ನೀವೂ ಆರ್.ಡಿ. ಇರಲಿ, ಚೀಟಿ ಇರಲಿ, ಹಾಲಿನ ಲೆಕ್ಕದ ಡೈರಿಯೊಳಗ ರೊಕ್ಕದ ಮುಂದ ತಾರೀಖೂ ಬರದಿಡ್ರಿ.